ಯುಟಿಲಿಟಿಯಲ್ಲೊಂದು ಕಂಪ್ರೆಸರ್: ಐದು ಮಳೆಗಾಲ ಬಳಸಿದ ಮೇಲೆ

2020ರ ಡಿಸೆಂಬರ್‌ನಲ್ಲಿ ಒಂದು ಏರ್‌ಬ್ರಷ್ ಸೆಟ್ ತಗೊಂಡೆ. ಏರ್‌ಬ್ರಷ್ ಅಂದರೆ ಬಣ್ಣವನ್ನು ಮಂಜಿನ ಹಾಗೆ ಸಿಂಪಡಿಸುವ ಪೆನ್ನಿನಂಥ ಸಾಧನ, ಅದಕ್ಕೆ ಗಾಳಿ ಒದಗಿಸೋದು ಕಂಪ್ರೆಸರ್. 3 ಲೀಟರ್ ಟ್ಯಾಂಕಿನ ಪುಟ್ಟ ಕಂಪ್ರೆಸರ್, 0.3 ಮಿ.ಮೀ. ನಾಝಲ್‌ನ (ಬಣ್ಣ ಹೊರಬರುವ ಮೂತಿ) ಏರ್‌ಬ್ರಷ್, ಎರಡು ಮೀಟರ್ ಪೈಪು. ಎಲ್ಲ ಸೇರಿ 9,200 ರೂಪಾಯಿ. ಡಬ್ಬಿ ಮೇಲೆ ಹೇಳಿಕೊಳ್ಳುವಂಥ ಹೆಸರೇನೂ ಇರಲಿಲ್ಲ. ಇಲ್ಲಿಯವರೆಗೆ ಇದರಲ್ಲಿ 31 ಪ್ಲಾಸ್ಟಿಕ್ ವಿಮಾನಗಳಿಗೆ ಬಣ್ಣ ಹೊಡೆದಿದ್ದೇನೆ. ಹೆಚ್ಚಿನವು 1/72 ಅಳತೆಯವು, ಐದಾರು ಮಾತ್ರ 1/48.

ತಗೊಳ್ಳುವ ಮುಂಚೆ ಓದಿದ ವಿಮರ್ಶೆಗಳೆಲ್ಲ ಮೊದಲ ವಾರದಲ್ಲೇ ಬರೆದವು. ಡಬ್ಬಿ ಬಿಚ್ಚಿದರು, ಒಂದು ಕಾಗದದ ಮೇಲೆ ಗೆರೆ ಎಳೆದರು, ಚೆನ್ನಾಗಿದೆ ಅಂದರು. ಬೆಂಗಳೂರಲ್ಲಿ ಒಂದು ಮಳೆಗಾಲವಾದರೂ ಕಳೆಯದೆ ಈ ಸಾಮಾನಿನ ಬಗ್ಗೆ ಏನೂ ಹೇಳೋಕೆ ಆಗಲ್ಲ. ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ಏರ್‌ಬ್ರಷ್ ಬೇಕೇ ಬೇಕು ಅನ್ನಿಸಿದ್ದು ಒಂದು ಕೆಂಪು ನ್ಯಾಟ್‌ನಿಂದ. ನನ್ನ ತಮ್ಮ ಸಿಂಗಾಪುರದಿಂದ ಏರ್‌ಫಿಕ್ಸ್ ಕಂಪನಿಯ 1/72 ನ್ಯಾಟ್ ಕಿಟ್ (ಬಿಡಿಭಾಗ ಜೋಡಿಸಿ ಕಟ್ಟುವ ಮಾಡೆಲ್) ತಂದುಕೊಟ್ಟಿದ್ದ. ಎರಡು ಸೀಟಿನ ತರಬೇತಿ ವಿಮಾನ. ಬ್ರಿಟನ್ನಿನ ವೈಮಾನಿಕ ಪ್ರದರ್ಶನ ತಂಡ ರೆಡ್ ಆ್ಯರೋಸ್ 1965ರಿಂದ 1979ರವರೆಗೆ ಹಾರಿಸಿದ್ದು ಇದನ್ನೇ. ಅಷ್ಟು ದೂರದಿಂದ ಬಂದ ಡಬ್ಬಿಯ ಮೇಲೆ ‘ಮೇಡ್ ಇನ್ ಇಂಡಿಯಾ’ ಅಂತ ಅಚ್ಚಾಗಿತ್ತು. ನೋಡಿ ತುಂಬಾ ಖುಷಿಯಾಯಿತು. ಅದಕ್ಕೆ ಕುಂಚದಲ್ಲೇ ಕೆಂಪು ಬಣ್ಣ ಹಚ್ಚಿದೆ. ಒಂದು ಕೋಟ್‌ಗೆ ಕೆಳಗಿನ ಪ್ಲಾಸ್ಟಿಕ್ ಕಂಡಿತು. ಎರಡನೆಯದಕ್ಕೆ ಕುಂಚದ ಗೆರೆ ಎದ್ದಿತು. ನಾಲ್ಕನೆಯದಕ್ಕೆ ರೆಕ್ಕೆಯ ಮೇಲಿದ್ದ ಸಣ್ಣ ಸಣ್ಣ ಪ್ಯಾನೆಲ್ ಗೆರೆಗಳೆಲ್ಲ ಮುಚ್ಚಿಹೋದವು.

ಲೆಕ್ಕ ಹಾಕಿ ನೋಡಿ. 1/72 ಅಂದರೆ ನಮ್ಮ ಮಾಡೆಲ್‌ನ ಒಂದು ಮಿಲಿಮೀಟರ್ ನಿಜವಾದ ವಿಮಾನದಲ್ಲಿ 72 ಮಿಲಿಮೀಟರ್. ಕುಂಚದಲ್ಲಿ ಬಣ್ಣ 0.1 ಮಿ.ಮೀ. ದಪ್ಪ ಕೂತರೆ, ನಿಜವಾದ ವಿಮಾನಕ್ಕೆ 7 ಮಿ.ಮೀ.ಗಿಂತ ಜಾಸ್ತಿ ದಪ್ಪ ಬಣ್ಣ ಮೆತ್ತಿದ ಹಾಗೆ. ಆಮೇಲೊಂದು ಭಾನುವಾರ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋದೆ. ಅಲ್ಲಿ ಮಾರುತ್ ಯುದ್ಧವಿಮಾನ ನಿಂತಿದೆ. ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಇದೇ ಊರಲ್ಲಿ ಕೂತು ವಿನ್ಯಾಸ ಮಾಡಿದ ವಿಮಾನ, 1961ರ ಜೂನ್ 17ರಂದು ಮೊದಲು ಹಾರಿತು. ಹತ್ತಿರ ಹೋಗಿ ನೋಡಿದರೆ ಅಷ್ಟು ದೊಡ್ಡ ಮೈಮೇಲೆ ಬಣ್ಣ ತೆಳ್ಳಗೆ ಕೂತಿದೆ, ತಗಡಿನ ಜೋಡಣೆಯ ಗೆರೆಗಳೂ ಕಾಣುತ್ತವೆ. ಅದನ್ನು ನೋಡಿ ಬಂದ ಮೇಲೆ ಮನೆಯ ಕೆಂಪು ನ್ಯಾಟ್ ಕಡೆ ನೋಡೋಕೆ ಮನಸ್ಸಾಗಲಿಲ್ಲ. ಮುಂದಿನ ತಿಂಗಳೇ ಸೆಟ್ ಆರ್ಡರ್ ಮಾಡಿದೆ.

ನಮ್ಮದು ವಿಜಯನಗರದಲ್ಲಿ ಮೂರನೇ ಮಹಡಿಯ ಎರಡು ರೂಮಿನ ಮನೆ. ಕಂಪ್ರೆಸರ್ ಇರೋದು ಯುಟಿಲಿಟಿಯಲ್ಲಿ, ವಾಷಿಂಗ್ ಮಷೀನ್ ಪಕ್ಕ. ಟ್ಯಾಂಕ್ ಒತ್ತಡ 3 ಬಾರ್‌ಗೆ ಇಳಿದರೆ ತಾನೇ ಶುರುವಾಗುತ್ತದೆ, 4 ಬಾರ್ ತುಂಬಿದರೆ ನಿಲ್ಲುತ್ತದೆ. ಸದ್ದು ಹಳೇ ಫ್ರಿಜ್‌ಗಿಂತ ಸ್ವಲ್ಪ ಜಾಸ್ತಿ, ಮಿಕ್ಸಿಗಿಂತ ಎಷ್ಟೋ ಕಮ್ಮಿ. ಕೆಳಗಿನ ಮನೆಯವರಿಗೆ ಸದ್ದಿಗಿಂತ ನೆಲದ ಅದುರು ತೊಂದರೆ ಕೊಡುತ್ತಿತ್ತು. ಹಳೇ ಯೋಗ ಮ್ಯಾಟ್ ನಾಲ್ಕು ಪದರ ಮಡಿಚಿ ಅಡಿಗೆ ಹಾಕಿದೆ. ಆಮೇಲೆ ಯಾರೂ ಕೇಳಿಲ್ಲ.

ಮೊದಲ ಮೂರು ತಿಂಗಳು ಚೆನ್ನಾಗಿಯೇ ಕಳೆಯಿತು. ಆಮೇಲೆ ಒಂದು ಸಂಜೆ ಮಿಗ್-21ರ ರೆಕ್ಕೆಗೆ ಬೂದು ಬಣ್ಣ ಹೊಡೆಯುತ್ತಿದ್ದಾಗ ನಾಝಲ್‌ನಿಂದ ಚಟ್ ಅಂತ ಏನೋ ಹಾರಿತು. ಒದ್ದೆ ಬಣ್ಣದ ನಡುವೆ ಸಾಸಿವೆ ಕಾಳಿನಷ್ಟು ಗುಂಡನೆಯ ಗುರುತು. ಒರೆಸಿದೆ, ಮತ್ತೆ ಹೊಡೆದೆ. ಮತ್ತೆ ಚಟ್. ಬಣ್ಣ ಗಟ್ಟಿಯಾಗಿದೆ ಅಂದುಕೊಂಡು ಥಿನ್ನರ್ ಹಾಕಿದೆ. ಏರ್‌ಬ್ರಷ್ ಪೂರ್ತಿ ಬಿಚ್ಚಿ ತೊಳೆದೆ. ಏನೂ ಬದಲಾಗಲಿಲ್ಲ.

ಮಾಗಡಿ ರೋಡ್ ಕಡೆ ಒಂದು ಟಿಂಕರಿಂಗ್ ಗ್ಯಾರೇಜ್ ಇದೆ. ನಮ್ಮ ಸ್ಕೂಟರಿಗೆ ಪೇಂಟ್ ಮಾಡಿಸಿದ್ದು ಅಲ್ಲೇ. ಅಲ್ಲಿನ ಪೇಂಟರ್ ಅಣ್ಣನಿಗೆ ಆ ರೆಕ್ಕೆ ತೋರಿಸಿದೆ. ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ ನೋಡಿದರು.

“ಟ್ಯಾಂಕ್ ನೀರು ಯಾವಾಗ ಬಿಟ್ರಿ ಅಕ್ಕಾ?”

“ಅದಕ್ಕೆ ನೀರು ಹಾಕೋದೇ ಇಲ್ವಲ್ಲ?”

“ನೀವು ಹಾಕೋದು ಬೇಡ. ಗಾಳಿನೇ ತರತ್ತೆ.”

ಮನೆಗೆ ಬಂದು ಟ್ಯಾಂಕಿನ ತಳ ತಡವಿದೆ. ಒಂದು ಸಣ್ಣ ಹಿತ್ತಾಳೆ ಸ್ಕ್ರೂ ಇತ್ತು. ಕೆಳಗೊಂದು ಸ್ಟೀಲ್ ಲೋಟ ಹಿಡಿದು ತಿರುಗಿಸಿದೆ. ಮೊದಲು ಬುಸ್ ಅಂತ ಗಾಳಿ, ಹಿಂದೆಯೇ ನೀರು. ತುಕ್ಕು ಬಣ್ಣದ್ದು, ಕಾಲು ಲೋಟ ಇತ್ತು. ಅಷ್ಟೂ ನಮ್ಮ ಯುಟಿಲಿಟಿಯ ಗಾಳಿಯಿಂದಲೇ ಬಂದದ್ದು. ಗಾಳಿಯನ್ನು ಒತ್ತಿ ತುಂಬಿದಾಗ ಬಿಸಿಯಾಗುತ್ತದೆ. ಟ್ಯಾಂಕಲ್ಲಿ ತಣ್ಣಗಾದ ಮೇಲೆ ಅದರಲ್ಲಿದ್ದ ತೇವ ನೀರಾಗಿ ತಳ ಸೇರುತ್ತದೆ. ಟ್ಯಾಂಕಲ್ಲಿ ಅದು ಜಾಸ್ತಿಯಾದರೆ ಪೈಪಿನಲ್ಲಿ ಹತ್ತಿ ಬಂದು ನಿಮ್ಮ ರೆಕ್ಕೆಯ ಮೇಲೆ ಬೀಳುತ್ತದೆ. ಸೆಟ್ ಜೊತೆ ಬಂದ ಪುಸ್ತಕದಲ್ಲಿ ಈ ಸ್ಕ್ರೂ ಬಗ್ಗೆ ಒಂದೇ ಒಂದು ಸಾಲಿತ್ತು. ಅದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ವಿಷಯ.

ಅವತ್ತಿನಿಂದ ಪ್ರತಿ ಸಲ ಕೆಲಸ ಮುಗಿದ ಮೇಲೆ, ಟ್ಯಾಂಕಲ್ಲಿ ಇನ್ನೂ ಸ್ವಲ್ಪ ಒತ್ತಡ ಇರುವಾಗಲೇ ಸ್ಕ್ರೂ ತೆಗೆದು ನೀರು ಬಿಡುತ್ತೇನೆ. ರಾತ್ರಿಯಿಡೀ ಅದನ್ನು ತೆರೆದೇ ಇಡುತ್ತೇನೆ. ಎಸ್.ಪಿ. ರೋಡಿನಿಂದ 450 ರೂಪಾಯಿಯ ಒಂದು ವಾಟರ್ ಟ್ರ್ಯಾಪ್ (ಗಾಳಿಯಲ್ಲಿನ ನೀರು ಹಿಡಿದಿಡುವ ಪುಟ್ಟ ಡಬ್ಬಿ) ತಂದು ಏರ್‌ಬ್ರಷ್‌ನ ಬುಡಕ್ಕೇ ಹಾಕಿದೆ. ಹೋಗುವಾಗ ನಿಮ್ಮ ಏರ್‌ಬ್ರಷ್ ಜೊತೆಗೇ ಒಯ್ಯಿರಿ, ಅಂಗಡಿಯಲ್ಲೇ ಮರೆ (ತಿರುಗಿಸಿ ಕೂರಿಸುವ ಥ್ರೆಡ್) ಕೂರಿಸಿ ನೋಡಿ. ಒನ್ ಬೈ ಎಯ್ಟ್ ಮತ್ತು ಒನ್ ಬೈ ಫೋರ್ ಅನ್ನುವ ಮರೆ ಅಳತೆಗಳ ನಡುವೆ ಗೊಂದಲವಾಗಿ ಎರಡು ಸಲ ವಾಪಸ್ ಓಡಾಡಿದ್ದೇನೆ. ಇಷ್ಟಾದ ಮೇಲೆ ನೀರಿನ ಒಂದು ಹನಿಯೂ ಬಿದ್ದಿಲ್ಲ.

ಮಳೆಗಾಲದ ಇನ್ನೊಂದು ಕಾಟ ಕಂಪ್ರೆಸರ್‌ನಿಂದ ಬರೋದಲ್ಲ, ಹೊರಗಿನ ಗಾಳಿಯಿಂದ. 2021ರ ಜುಲೈನಲ್ಲಿ ಎರಡನೇ ನ್ಯಾಟ್ ಕಟ್ಟುತ್ತಿದ್ದೆ. ಇದು ಒಂದು ಸೀಟಿನದ್ದು, ಸ್ಪೆಷಲ್ ಹಾಬಿ ಕಂಪನಿಯ ಕಿಟ್. ಈ ವಿಮಾನ ನನಗೆ ನಮ್ಮೂರಿನದೇ. ಬ್ರಿಟನ್ನಿನ ಫೋಲೆಂಡ್ ಕಂಪನಿಯ ವಿನ್ಯಾಸ, ಆದರೆ ಲೈಸೆನ್ಸ್ ಪಡೆದು ಎಚ್‌ಎಎಲ್ ಬೆಂಗಳೂರಲ್ಲೇ ತಯಾರಿಸಿತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಉರುಳಿಸಿ ‘ಸೇಬರ್ ಸ್ಲೇಯರ್’ ಅಂತ ಹೆಸರಾದದ್ದು ಇದೇ. ನಿಜವಾದ ರೆಕ್ಕೆಯಗಲವೇ 6.73 ಮೀಟರ್, ನನ್ನದು 9.3 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ.

ಅದಕ್ಕೆ ಬೆಳ್ಳಿ ಬಣ್ಣ ಹೊಡೆಯಬೇಕಿತ್ತು. ಬೆಳ್ಳಿಗೆ ಹೊಳಪು ಬರಬೇಕಾದರೆ ಅಡಿಗೆ ಹೊಳೆಯುವ ಕಪ್ಪು ಬೇಕು. ಹೊರಗೆ ಜಿಟಿಜಿಟಿ ಮಳೆ. ಲ್ಯಾಕರ್ (ಬೇಗ ಆರುವ, ಘಾಟು ಥಿನ್ನರ್‌ನ ಬಣ್ಣ) ಕಪ್ಪು ಹೊಡೆದೆ, ಕನ್ನಡಿ ಹಾಗೆ ಕೂತಿತು. ಕೈ ತೊಳೆದು ಬರುವಷ್ಟರಲ್ಲಿ ಅದೇ ರೆಕ್ಕೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. ಒರೆಸಿದರೆ ಹೋಗಲಿಲ್ಲ, ಬಣ್ಣದ ಒಳಗೇ ಇತ್ತು. ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂರು ವಾರ ಕೂತು ಜೋಡಿಸಿ, ವಾಟರ್ ಪೇಪರಲ್ಲಿ ಉಜ್ಜಿ ನಯ ಮಾಡಿದ ಮೈ ಅದು.

ಪೇಂಟರ್ ಅಣ್ಣ ಇದಕ್ಕೂ ಕಾರಣ ಹೇಳಿದರು. ಲ್ಯಾಕರ್ ಥಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದು ಹಸಿ ಬಣ್ಣದ ಮೇಲೆಯೇ ಮಂಜಿನ ಹಾಗೆ ಇಳಿದು ಸಿಕ್ಕಿಹಾಕಿಕೊಳ್ಳುತ್ತದೆ. ಕಾರುಗಳಿಗೂ ಹೀಗೇ ಆಗತ್ತಂತೆ. “ಬಿಸಿಲು ಬರೋವರೆಗೂ ಮುಟ್ಟಬೇಡಿ, ಆಮೇಲೆ ರಿಟಾರ್ಡರ್ ಹಾಕಿದ ಥಿನ್ನರ್ ಮಾತ್ರ ತೆಳ್ಳಗೆ ಮಂಜು ಹಾಯಿಸಿ” ಅಂದರು. ರಿಟಾರ್ಡರ್ ಅಂದರೆ ಬಣ್ಣ ನಿಧಾನವಾಗಿ ಆರುವ ಹಾಗೆ ಮಾಡುವ ದ್ರವ. ಐದನೇ ದಿನ ಬಿಸಿಲು ಬಂತು. ಹಾಗೇ ಮಾಡಿದೆ. ಬಿಳಿ ಮಬ್ಬು ಕಣ್ಣೆದುರೇ ಕರಗಿ ಕಪ್ಪು ವಾಪಸ್ ಬಂತು. ಈಗ ಯುಟಿಲಿಟಿ ಗೋಡೆಯ ಮೇಲೆ 400 ರೂಪಾಯಿಯ ತೇವ ಅಳೆಯುವ ಮೀಟರ್ ಇದೆ. ತೇವ ಶೇಕಡಾ 70 ದಾಟಿದರೆ ಲ್ಯಾಕರ್ ಡಬ್ಬಿ ತೆಗೆಯೋದೇ ಇಲ್ಲ. ಆ ದಿನಗಳಲ್ಲಿ ಜೋಡಿಸುವ ಕೆಲಸ, ಉಜ್ಜುವ ಕೆಲಸ, ಪೈಲಟ್‌ನ ಸೀಟಿಗೆ ಕುಂಚದಲ್ಲಿ ಬಣ್ಣ. ಲೋಹದ ಬಣ್ಣಗಳನ್ನೆಲ್ಲ ಫೆಬ್ರವರಿ, ಮಾರ್ಚ್‌ಗೆ ಎತ್ತಿಡುತ್ತೇನೆ.

ಬಣ್ಣದ ಹದದ ಬಗ್ಗೆ ತುಂಬಾ ಜನ ಕೇಳುತ್ತಾರೆ. ನನ್ನ ಅಳತೆ ನಂದಿನಿಯ ನೀಲಿ ಪ್ಯಾಕೆಟ್ ಹಾಲು. ಬಣ್ಣವನ್ನು ಬಟ್ಟಲಿನ ಒಳ ಅಂಚಿಗೆ ಹಚ್ಚಿದರೆ ಆ ಹಾಲಿನ ಹಾಗೆ ತೆಳ್ಳಗೆ ಪೊರೆ ಬಿಟ್ಟು ಇಳಿಯಬೇಕು. ಟಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ ಆದರೆ ಒಂದು ಪಾಲು ಬಣ್ಣ, ಒಂದೂವರೆಯಿಂದ ಎರಡು ಪಾಲು ಅವರದೇ ಥಿನ್ನರ್, ಒತ್ತಡ 1 ಬಾರ್ ಆಸುಪಾಸು. ಏಪ್ರಿಲ್ ಬಿಸಿಲಲ್ಲಿ ಏರ್‌ಬ್ರಷ್ ಒಳಗಿನ ಸೂಜಿಯ ತುದಿಯಲ್ಲೇ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ. ಒಂದೆರಡು ಹನಿ ರಿಟಾರ್ಡರ್ ಹಾಕಿ, ಪಕ್ಕದಲ್ಲಿ ಥಿನ್ನರ್ ಅದ್ದಿದ ಇಯರ್ ಬಡ್ ಇಟ್ಟುಕೊಳ್ಳಿ.

ಈಗ ಸೆಟ್‌ನ ನಿಜವಾದ ದೋಷ. ಕಂಪ್ರೆಸರ್ ಗಟ್ಟಿ, ಏರ್‌ಬ್ರಷ್ ಅಲ್ಲ. ನಾಝಲ್ ಅಕ್ಕಿಕಾಳಿನಷ್ಟು ಸಣ್ಣದು, ಅದಕ್ಕೆ ಕೂದಲೆಳೆಯಂಥ ಮರೆ. ಏಳನೇ ತಿಂಗಳಲ್ಲಿ ತೊಳೆದು ವಾಪಸ್ ಹಾಕುವಾಗ ಮರೆಯ ಹತ್ತಿರವೇ ಮುರಿದು ಅರ್ಧ ಒಳಗೇ ಉಳಿಯಿತು. ಸ್ಪ್ಯಾನರ್ ಜೊತೆಗೇ ಕೊಟ್ಟಿದ್ದರು, ಆದರೆ ಎಷ್ಟು ಬಿಗಿ ಮಾಡಬೇಕು ಅಂತ ಎಲ್ಲೂ ಹೇಳಿರಲಿಲ್ಲ. ಮಾರಿದವರಿಗೆ ನಾಲ್ಕು ಸಲ ಬರೆದೆ. ಆರು ವಾರ ಆದ ಮೇಲೆ ಬಂದ ನಾಝಲ್ ಬೇರೆ ಅಳತೆಯದ್ದು. ಇದು ನನಗೆ ಇವತ್ತಿಗೂ ಬೇಜಾರು. ಸಾಮಾನು ಮಾರುವವರು ಎರಡು ನಾಝಲ್, ಒಂದು ಸೂಜಿ ಜಾಸ್ತಿ ಇಟ್ಟುಕೊಡಲಿ, ಇನ್ನೂರು ರೂಪಾಯಿ ಹೆಚ್ಚು ತಗೊಳ್ಳಲಿ. ಒಂದು ಚೂರು ಹಿತ್ತಾಳೆಗಾಗಿ ಇಡೀ ಹವ್ಯಾಸ ಆರು ವಾರ ನಿಲ್ಲಬಾರದು. ಒಳಗಿನ ರಬ್ಬರ್ ಓ-ರಿಂಗ್ ಕೂಡ ಲ್ಯಾಕರ್ ಥಿನ್ನರ್‌ಗೆ ಉಬ್ಬಿ ಸಡಿಲವಾಯಿತು. ಅದಕ್ಕೆ ಟೆಫ್ಲಾನ್ ರಿಂಗ್ ಹಾಕಿಸಿದೆ.

2022ರಲ್ಲಿ ಇವಾಟಾ ಕಂಪನಿಯ ಎಕ್ಲಿಪ್ಸ್ ಏರ್‌ಬ್ರಷ್ ತಗೊಂಡೆ, 16,000 ರೂಪಾಯಿ ಹತ್ತಿರ ಆಯಿತು. ಅದರ 0.35 ನಾಝಲ್‌ಗೆ ಮರೆಯೇ ಇಲ್ಲ, ಸುಮ್ನೆ ಒಳಗೆ ಕೂರಿಸಿ ಮೇಲೆ ಮುಚ್ಚಳ ತಿರುಗಿಸಿದರೆ ಆಯಿತು. ಮೂರು ವರ್ಷದಲ್ಲಿ ಒಂದೂ ಮುರಿದಿಲ್ಲ. ಹಾಗಂತ ಮೊದಲ ದಿನವೇ ಇದನ್ನು ತಗೊಳ್ಳಿ ಅನ್ನಲ್ಲ. ಸೂಜಿ ಬಗ್ಗಿಸೋದು, ಬಣ್ಣ ಕಟ್ಟಿಸೋದು ಎಲ್ಲ ಅಗ್ಗದ್ದರಲ್ಲೇ ಕಲಿಯಿರಿ. ದುಡ್ಡು ಇರೋದು ಸ್ವಲ್ಪವೇ ಆದರೆ ಅದನ್ನು ಟ್ಯಾಂಕ್ ಇರುವ ಕಂಪ್ರೆಸರ್‌ಗೆ ಹಾಕಿ. ಟ್ಯಾಂಕ್ ಇಲ್ಲದ ಪುಟ್ಟವುಗಳಲ್ಲಿ ಗಾಳಿ ಅದುರುತ್ತಾ ಬರುತ್ತದೆ, ಗೆರೆ ನಡುಗುತ್ತದೆ. ಟ್ಯಾಂಕ್ ಇದ್ದರೆ ಕರೆಂಟ್ ಹೋದಾಗಲೂ ಸುಮಾರು ಒಂದು ನಿಮಿಷದ ಗಾಳಿ ಇರುತ್ತದೆ. ಕೈಯಲ್ಲಿರುವ ಕೋಟ್ ಮುಗಿಸೋಕೆ, ಬಟ್ಟಲು ತೊಳೆಯೋಕೆ ಅಷ್ಟು ಸಾಕು.

ಒಂದು ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ನಮ್ಮ ಮನೆಗಳಲ್ಲಿ ಯುಟಿಲಿಟಿ ಅಡುಗೆಮನೆಗೆ ಅಂಟಿಕೊಂಡೇ ಇರುತ್ತದೆ. ಲ್ಯಾಕರ್ ಥಿನ್ನರ್‌ನ ಆವಿ ಬೆಂಕಿ ಹಿಡಿಯುವಂಥದ್ದು. ಒಲೆ ಉರಿಯುತ್ತಿದ್ದರೆ ನಾನು ಏರ್‌ಬ್ರಷ್ ಮುಟ್ಟಲ್ಲ, ಬಾಗಿಲು ಹಾಕಿದ್ದರೂ ಅಷ್ಟೇ. ಅಮ್ಮನಿಗೂ ಹೇಳಿಟ್ಟಿದ್ದೇನೆ, “ನಾನು ಬರೋವರೆಗೂ ಗ್ಯಾಸ್ ಹಚ್ಚಬೇಡಮ್ಮ” ಅಂತ. ರಟ್ಟಿನ ಡಬ್ಬಿಗೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಕೂರಿಸಿ, ಬಣ್ಣದ ಆವಿ ಹೊರಗೆಳೆಯುವ ಬೂತ್ ಮಾಡಿಕೊಳ್ಳುವವರಿದ್ದಾರೆ. ಆ ಮೋಟಾರಿನ ಕಿಡಿ ನೇರ ಆವಿಯೊಳಗೇ ಇರಬಹುದು, ಅದರಲ್ಲಿ ಲ್ಯಾಕರ್ ಬೇಡವೇ ಬೇಡ. ಮೂಗಿಗೆ ಬಟ್ಟೆ ಮಾಸ್ಕ್ ಕಟ್ಟಿದರೆ ವಾಸನೆಯೂ ನಿಲ್ಲಲ್ಲ, ಆವಿಯೂ ನಿಲ್ಲಲ್ಲ. ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ಥಿನ್ನರ್‌ನಂಥ ಆವಿ ಹೀರುವ ಫಿಲ್ಟರ್) ಇರುವ ರೆಸ್ಪಿರೇಟರ್ ಮಾಸ್ಕ್ ತಗೊಳ್ಳಿ. ಕಿಟ್ ಒಂದು ಕಮ್ಮಿ ಆದರೂ ಪರವಾಗಿಲ್ಲ.

ಆ ಬೆಳ್ಳಿ ನ್ಯಾಟ್ ಈಗ ಶೆಲ್ಫಿನ ಮೇಲಿನ ಸಾಲಿನಲ್ಲಿದೆ. ರೆಕ್ಕೆಯ ಮೇಲೆ ವಾಯುಸೇನೆಯ ಗುರುತು, ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಆ ಗುರುತಿನ ಡೆಕಾಲ್ (ತೆಳುವಾದ ಅಚ್ಚಿನ ಪೊರೆ) ನೀರಲ್ಲಿ ನೆನೆಸಿ ಜಾರಿಸಿ ಕೂರಿಸಿ, ಅದನ್ನು ಮೆತ್ತಗೆ ಮಾಡುವ ಮೈಕ್ರೋ ಸಾಲ್ ದ್ರವ ಒಂದು ಹನಿ ಬಿಟ್ಟೆ. ಮೊದಲು ಸುಕ್ಕಾಯಿತು. ಮುಟ್ಟದೆ ಕಾದೆ. ಅರ್ಧ ಗಂಟೆಯಲ್ಲಿ ಮೆತ್ತಗಾಗಿ ಕೆಳಗೆ ಇಳಿಯಿತು. ಈಗ ಕೇಸರಿ ಉಂಗುರದ ನಡುವೆ ಹಾದುಹೋಗುವ ಪ್ಯಾನೆಲ್ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಬೆಳಗ್ಗೆ ಕಿಟಕಿ ಬಿಸಿಲು ಅದರ ಮೇಲೆ ಬಿದ್ದಾಗ ನಾನು ಕಾಫಿ ಲೋಟ ಹಿಡಿದು ಅಲ್ಲೇ ನಿಂತುಬಿಡುತ್ತೇನೆ. ಕೆಂಪು ನ್ಯಾಟ್ ಕೂಡ ಪಕ್ಕದಲ್ಲೇ ಇದೆ. ಅದರ ಬಣ್ಣ ತೆಗೆದು ಮತ್ತೆ ಹೊಡೆಯಬೇಕು ಅಂತ ಈ ಸಲ ನಿರ್ಧಾರ ಮಾಡಿದ್ದೇನೆ.

ಕಂಪ್ರೆಸರ್‌ಗೂ ವಯಸ್ಸಾಗಿದೆ. ಖಾಲಿ ಟ್ಯಾಂಕ್ 4 ಬಾರ್ ತುಂಬೋಕೆ ಮೊದಲು ಒಂದೂಕಾಲು ನಿಮಿಷ ಸಾಕಿತ್ತು, ಈಗ ಎರಡು ನಿಮಿಷ ದಾಟುತ್ತಿದೆ. ಪೈಪಿನ ಜೋಡಣೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ ನೋಡಿದೆ, ಎಲ್ಲೂ ಸೋರುತ್ತಿಲ್ಲ. ಪಿಸ್ಟನ್ ಸೀಲ್ ಸವೆದಿರಬೇಕು, ಬಿಚ್ಚಿ ನೋಡೋಣ ತನ್ನಿ ಅಂದಿದ್ದಾರೆ ಪೇಂಟರ್ ಅಣ್ಣ. ಶನಿವಾರ ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋಗುತ್ತೇನೆ.