ಗೃಹಜ್ಯೋತಿ ಕೊಡಗಿನಲ್ಲಿ: ಸ್ವಂತ ಮೀಟರ್‌ಗೆ ಐದಕ್ಕೆ ನಾಲ್ಕು, ಲೈನ್ ಮನೆಗೆ ಒಂದೂವರೆ

2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ, ಮನೆಗಳಿಗೆ ಉಚಿತ ಕರೆಂಟ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಮೇಲ್ಮಿತಿ ಮಾತ್ರ. ಪ್ರತಿ ಮನೆಯ ಪಾಲು ಬೇರೆ. 2022-23ರಲ್ಲಿ ಆ ಮೀಟರ್ ತಿಂಗಳಿಗೆ ಸರಾಸರಿ ಎಷ್ಟು ಓಡಿತ್ತೋ ಅದಕ್ಕೆ ಶೇ 10 ಸೇರಿಸಿದರೆ ಸಿಗುವುದೇ ಅರ್ಹತಾ ಯೂನಿಟ್. ಅದರೊಳಗೆ ಇದ್ದರೆ ಬಿಲ್ ಸೊನ್ನೆ. ದಾಟಿ 200ರೊಳಗೆ ನಿಂತರೆ ಹೆಚ್ಚುವರಿ ಯೂನಿಟ್‌ಗೆ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಈ ಲೆಕ್ಕದಲ್ಲಿ ಮೊದಲಿನಿಂದಲೂ ಒಂದು ಓರೆ ಇತ್ತು. ಬಡತನದಿಂದ ಕಡಿಮೆ ಕರೆಂಟ್ ಸುಟ್ಟವನ ಸರಾಸರಿ 20 ಆಗಿದ್ದರೆ ಅವನಿಗೆ ಸಿಕ್ಕಿದ್ದು 22. ಧಾರಾಳವಾಗಿ 150 ಸುಟ್ಟವನಿಗೆ 165. 2024ರ ಜನವರಿಯಲ್ಲಿ ಸಚಿವ ಸಂಪುಟ ಇದನ್ನು ಅಷ್ಟಿಷ್ಟು ಸರಿಮಾಡಿತು: 48 ಯೂನಿಟ್‌ವರೆಗಿನವರಿಗೆ ಶೇ 10ರ ಬದಲು ನೇರ 10 ಯೂನಿಟ್ ಹೆಚ್ಚುವರಿ. ಹಳೆಯ ಲೆಕ್ಕವೇ ಇಲ್ಲದ ಹೊಸ ಸಂಪರ್ಕಕ್ಕೆ ರಾಜ್ಯದ ಸರಾಸರಿ 53ಕ್ಕೆ ಶೇ 10 ಸೇರಿಸಿ 58.

ಬಯಲುಸೀಮೆಯಲ್ಲಿ ಇಷ್ಟು ಸಾಕಾದೀತು. ಮಡಿಕೇರಿಯಲ್ಲಿ ಜೂನ್ ತಿಂಗಳಲ್ಲೇ ತಕರಾರು ಶುರು. ಸರಾಸರಿ 30 ಇದ್ದ, ಈಗ 40 ಯೂನಿಟ್ ಅರ್ಹತೆಯ ಮನೆಯನ್ನು ತೆಗೆದುಕೊಳ್ಳಿ. 9 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 4 ಯೂನಿಟ್. ಟಿವಿಗೆ 6, ಮಿಕ್ಸಿಗೆ 3, ಫೋನ್ ಚಾರ್ಜಿಗೆ 1. ಫ್ಯಾನ್ ಬೇಕಿಲ್ಲ. ಒಟ್ಟು 14, ಆರಾಮ. ಮಳೆ ಹಿಡಿದು ಸೌದೆ ನೆಂದ ಮೇಲೆ ಬಕೆಟ್‌ಗೆ ನೀರು ಕಾಯಿಸುವ ಕರೆಂಟ್ ಕಾಯಿಲ್ ಇಳಿಯುತ್ತದೆ. 18 ಡಿಗ್ರಿಯ 20 ಲೀಟರ್ ನೀರನ್ನು 40 ಡಿಗ್ರಿಗೆ ತರಲು ಅರ್ಧ ಯೂನಿಟ್ ಬೇಕು. 1500 ವ್ಯಾಟ್‌ನ ಕಾಯಿಲ್‌ಗೆ ಇಪ್ಪತ್ತು ನಿಮಿಷದ ಕೆಲಸ. ದಿನಕ್ಕೆ ಎರಡು ಬಕೆಟ್ ಎಂದರೆ ತಿಂಗಳಿಗೆ 30 ಯೂನಿಟ್, ನಾಲ್ಕಾದರೆ 60. ಜಡಿಮಳೆಯ ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್) ಮಕ್ಕಳ ಯೂನಿಫಾರ್ಮನ್ನು ಇಸ್ತ್ರಿಪೆಟ್ಟಿಗೆಯಿಂದಲೇ ಒಣಗಿಸುವುದು ಇಲ್ಲಿ ಮಾಮೂಲು. ಸಾವಿರ ವ್ಯಾಟ್‌ನ ಪೆಟ್ಟಿಗೆ ದಿನಕ್ಕೆ ಇಪ್ಪತ್ತು ನಿಮಿಷ ಓಡಿದರೆ ಇನ್ನೂ 10. ವರ್ಷದ ಸರಾಸರಿಯನ್ನು ಹನ್ನೆರಡು ತಿಂಗಳಿಗೂ ಸಮನಾಗಿ ಹಂಚುವ ಯೋಜನೆಗೆ ಮಳೆಗಾಲವೇ ಗೊತ್ತಿಲ್ಲ. ಹಾಗಾಗಿ ಫೆಬ್ರವರಿಯಲ್ಲಿ ಅರ್ಹತೆ ಉಳಿದುಹೋಗುತ್ತದೆ, ಜುಲೈನಲ್ಲಿ ಬಿಲ್ ಬರುತ್ತದೆ. ಫೆಬ್ರವರಿಯಲ್ಲಿ ಉಳಿದದ್ದನ್ನು ಜುಲೈಗೆ ಸಾಗಿಸುವ ಅವಕಾಶವೂ ಇಲ್ಲ.

ಇಷ್ಟಾದರೂ ಸ್ವಂತ ಮೀಟರ್ ಇರುವವರಿಗೆ ಐದಕ್ಕೆ ನಾಲ್ಕು ಅಂಕ ಕೊಡಲು ಅಡ್ಡಿಯಿಲ್ಲ. ಒಮ್ಮೆ ನೋಂದಣಿಯಾದರೆ ಮತ್ತೆ ಕಚೇರಿ ಅಲೆಯಬೇಕಾಗಿಲ್ಲ. ವರ್ಷದ ಉಳಿದ ತಿಂಗಳುಗಳಲ್ಲಿ ಬಿಲ್‌ನ ಚಿಂತೆಯೂ ಇಲ್ಲ.

ಬಾಡಿಗೆ ಮನೆಗೆ ಮೂರು. ಸೌಲಭ್ಯ ಅಂಟಿಕೊಂಡಿರುವುದು ಮೀಟರ್‌ಗೆ. ಹಿಂದಿನ ಬಾಡಿಗೆದಾರ ತನ್ನ ಆಧಾರ್ ಜೋಡಣೆ ತೆಗೆಸದೇ ಹೋಗಿದ್ದರೆ ಹೊಸಬರ ಅರ್ಜಿ ಅಲ್ಲೇ ನಿಲ್ಲುತ್ತದೆ. 2024ರಲ್ಲಿ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಈ ಜೋಡಣೆ ಕಳಚುವ ಡಿ-ಲಿಂಕ್ ಆಯ್ಕೆ ಬಂದಿದೆ, ಆದರೆ ಅದಕ್ಕೆ ಹಳಬನ ಆಧಾರ್‌ಗೆ ಹೋಗುವ ಓಟಿಪಿ ಬೇಕು. ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲೇ ಡಿ-ಲಿಂಕ್ ಆಗಿದೆಯೇ ಎಂದು ಮಾಲೀಕರನ್ನು ಕೇಳಿ. ಅರ್ಹತಾ ಯೂನಿಟ್ ಎಷ್ಟು ಎಂದು ಹಳೆಯ ಬಿಲ್ಲಿನಲ್ಲಿ ನೋಡಿ. 2022-23ರಲ್ಲಿ ಆ ಮನೆ ಅರ್ಧ ವರ್ಷ ಬೀಗ ಹಾಕಿಕೊಂಡಿದ್ದರೆ ಆ ಸಣ್ಣ ಸರಾಸರಿ ನಿಮ್ಮ ತಲೆಗೇ ಬರುತ್ತದೆ. ಮಾಲೀಕರ ಹೆಸರಿನಲ್ಲಿ ಹಲವು ಮೀಟರ್ ಇದ್ದರೆ ತೊಂದರೆಯಿಲ್ಲ. ಅವರಿಗೆ ಒಂದಕ್ಕೆ ಮಾತ್ರ ಲಾಭ. ಉಳಿದವುಗಳಿಗೆ ಬಾಡಿಗೆದಾರರು ಕರಾರು ಪತ್ರ ಅಥವಾ ಆ ವಿಳಾಸದ ವೋಟರ್ ಐಡಿ ತೋರಿಸಿ ತಂತಮ್ಮ ಆಧಾರ್ ಜೋಡಿಸಬಹುದು.

ತೋಟದ ಕಾರ್ಮಿಕರ ಸಾಲು ಮನೆಗೆ, ಅಂದರೆ ಲೈನ್ ಮನೆಗೆ, ಒಂದೂವರೆ. ಇಲ್ಲಿ ಯೋಜನೆ ಮುಗ್ಗರಿಸುತ್ತದೆ. ಒಂದೇ ಸೂರಿನಡಿ ಐದಾರು ಕುಟುಂಬ, ತೋಟದ ಮಾಲೀಕರ ಹೆಸರಿನಲ್ಲಿ ಒಂದೇ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ). ಐದು ಮನೆ ತಲಾ 45 ಯೂನಿಟ್ ಸುಟ್ಟರೂ ಒಟ್ಟು 225. ಅಂದರೆ 200ರ ಗೆರೆ ದಾಟಿತು, ಪೂರ್ತಿ ಬಿಲ್. ಐದೂ ಮನೆ ಬಡವರದ್ದೇ, ಮೀಟರ್ ಮಾತ್ರ ಲೆಕ್ಕದಲ್ಲಿ ಸಾಹುಕಾರ. ಮಾಲೀಕರು ಒಳಗೆ ಸಬ್‌ಮೀಟರ್ ಹಾಕಿ ಹಂಚಿದರೆ ಜಗಳ ತಪ್ಪೀತು, ಸೌಲಭ್ಯ ಸಿಗದು. ಸಬ್‌ಮೀಟರ್‌ಗೆ ಆರ್‌ಆರ್ ನಂಬರ್ ಇಲ್ಲ. ಮನೆಗೊಂದು ಮೀಟರ್‌ಗೆ ಕೆಲವರು ಒಪ್ಪದಿರುವುದಕ್ಕೆ ಕಾರಣ ಹಣಕ್ಕಿಂತ ಅಂಜಿಕೆ: ಕಾರ್ಮಿಕನ ಹೆಸರಿಗೆ ಮೀಟರ್ ಬಂದರೆ ನಾಳೆ ಮನೆಯ ಹಕ್ಕು ಕೇಳಿಯಾನು ಎಂದು. ಪರಿಹಾರ ಮೇಲೆ ಹೇಳಿದ್ದರಲ್ಲೇ ಇದೆ. ಪ್ರತ್ಯೇಕ ಆರ್‌ಆರ್ ನಂಬರ್‌ಗಳು ಮಾಲೀಕರ ಹೆಸರಿನಲ್ಲೇ ಇರಲಿ, ಆಧಾರ್ ಮಾತ್ರ ವಾಸಿಸುವವರದ್ದು. ಕೊಯ್ಲಿಗೆ ಅಸ್ಸಾಂನಿಂದ ಬಂದು ಮೂರು ತಿಂಗಳಲ್ಲಿ ಹೋಗುವವರಿಗೆ ಇದು ಕೂಡಿಬರುವುದಿಲ್ಲ. ವರ್ಷವಿಡೀ ಇರುವವರಿಗೆ ಬರುತ್ತದೆ.

ಮೀಟರ್ ಬೇರೆ ಮಾಡುವಾಗಲೇ ವೈರಿಂಗ್ ನೋಡಿಸಿ. ಹಳೆಯ ಲೈನ್‌ಗಳಲ್ಲಿ ಬಲ್ಬಿಗೆಂದು ಎಳೆದ ತೆಳು ಅಲ್ಯೂಮಿನಿಯಂ ತಂತಿಗೇ ಕಾಯಿಲ್ ಸಿಕ್ಕಿಸುತ್ತಾರೆ. ಸುಡುವುದು ಜೋಡಣೆಯ ಜಾಗ. ಕಾಯಿಲ್‌ಗೆ ಪ್ರತ್ಯೇಕ 2.5 ಚದರ ಮಿಲಿಮೀಟರ್ ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, ಮತ್ತು ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕೇ ಬೇಕು. ಒದ್ದೆ ಬಚ್ಚಲಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಕಾಯಿಲ್ ಇಳಿಬಿಟ್ಟು ಸ್ವಿಚ್ ಆರಿಸದೆ ಬೆರಳಿಂದ ಬಿಸಿ ನೋಡುವುದು ಜೀವಕ್ಕೇ ಅಪಾಯ.

ಬುಡಕಟ್ಟು ಜನರ ವಸತಿಗಳಾದ ಹಾಡಿಗಳ ಮಾತು ಬೇರೆಯೇ. ಅರಣ್ಯದೊಳಗಿನ ಜೇನುಕುರುಬ, ಯರವ ಹಾಡಿಗಳಿಗೆ ತಂತಿ ಎಳೆಯಲು ‘ಅರಣ್ಯ ಇಲಾಖೆ ಬಿಡುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ವಿದ್ಯುತ್ ಮಾರ್ಗಕ್ಕೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು ಎನ್ನುತ್ತದೆ. ಸೋಲಾರ್‌ನಂಥ ಅಸಾಂಪ್ರದಾಯಿಕ ಇಂಧನಕ್ಕೂ ಅದೇ ಕಲಂ. ಗ್ರಾಮಸಭೆಯ ನಡಾವಳಿಯಲ್ಲಿ ಕಲಂ ಸಂಖ್ಯೆ ಬರೆಸಿ.

ಇನ್ನು ನಗರಸಭೆಯ ಪಾತ್ರ. ಕೊಡಗಿನಲ್ಲಿ ಮಹಾನಗರ ಪಾಲಿಕೆ ಇಲ್ಲ. ಮಡಿಕೇರಿಗೆ ನಗರಸಭೆ, ಕುಶಾಲನಗರ, ವಿರಾಜಪೇಟೆಗೆ ಪುರಸಭೆ. ಕರೆಂಟ್ ಕೊಡುವುದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಹಾಗೆಂದು ಸ್ಥಳೀಯ ಸಂಸ್ಥೆ ಕೈಚೆಲ್ಲುವಂತಿಲ್ಲ. ಮೀಟರ್‌ಗೆ ಬೇಕಾದ ಖಾತೆ ಅದರದ್ದೇ, ಸ್ವಾಧೀನಾನುಭವ ಪತ್ರವೂ ಅದರದ್ದೇ. ಆ ಪತ್ರ ಇದ್ದರಷ್ಟೇ ಸಂಪರ್ಕ ಕೊಡಬೇಕು ಎಂದ 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ಅದರ ಬಿಗಿ ಹೆಚ್ಚಿತು. 2018ರಲ್ಲಿ ಗುಡ್ಡ ಕುಸಿದ ಇಂದಿರಾನಗರ, ಚಾಮುಂಡೇಶ್ವರಿನಗರದಂಥ ಇಳಿಜಾರಿನ ಬಡಾವಣೆಗಳಲ್ಲಿ ಬಡವರ ಮೊದಲ ತೊಡಕು ಈ ಕಾಗದವೇ.

ದುಡ್ಡೂ ಇಲ್ಲವೆನ್ನಲಾಗದು. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5ರಷ್ಟು ನಿಧಿ ಮೀಸಲಿಡಬೇಕು. ವೈರಿಂಗ್, ಆರ್‌ಸಿಸಿಬಿ, ಅರ್ತಿಂಗ್ ಗುಂಡಿ, ಹೊಗೆ ಕೊಳವೆಯ ಹಂಡೆ ಒಲೆ ಇವೆಲ್ಲ ಕ್ರಿಯಾಯೋಜನೆಗೆ ಸೇರಬೇಕಾದ ಬಾಬತ್ತುಗಳು. ಆದರೆ ವಾರ್ಡಿನವರು ಅರ್ಜಿ ಕೊಡದಿದ್ದರೆ ಅವು ಅಲ್ಲಿ ಕಾಣುವುದೇ ಇಲ್ಲ.

ಸ್ಪೇನಿನ ಬಾರ್ಸಿಲೋನಾ ನಗರಾಡಳಿತ 2017ರಿಂದ ಇಂಧನ ಸಲಹಾ ಕೇಂದ್ರಗಳನ್ನು ನಡೆಸುತ್ತಿದೆ. ಬಿಲ್ ಹಿಡಿದು ಹೋದವರಿಗೆ ಅಲ್ಲಿನ ಸಿಬ್ಬಂದಿಯೇ ಕಂಪನಿಯೊಂದಿಗೆ ವ್ಯವಹರಿಸುತ್ತಾರೆ. ಆ ನಗರವಿರುವ ಕ್ಯಾಟಲೋನಿಯಾ ಪ್ರಾಂತ್ಯದ 24/2015ನೇ ಕಾನೂನಿನ ಪ್ರಕಾರ ಬಡ ಮನೆಯ ಸಂಪರ್ಕ ಕಡಿಯುವ ಮುನ್ನ ಕಂಪನಿ ಸಮಾಜ ಸೇವಾ ಇಲಾಖೆಯನ್ನು ಕೇಳಬೇಕು. ಅಂಥ ಕಾನೂನು ತರುವುದು ಮಡಿಕೇರಿ ನಗರಸಭೆಯ ಕೈಯಲ್ಲಿಲ್ಲ. ಒಂದು ಮೇಜು, ಒಂದು ಕಂಪ್ಯೂಟರ್, ಡಿ-ಲಿಂಕ್ ಮಾಡಿಕೊಡಬಲ್ಲ ಒಬ್ಬ ಸಿಬ್ಬಂದಿ, ಇಷ್ಟು ಖಂಡಿತ ಕೈಯಲ್ಲಿದೆ.

ಸೌದೆ ಬಗ್ಗೆ ಯಾವ ಯೋಜನೆಯೂ ಮಾತಾಡುವುದಿಲ್ಲ, ಬಿಲ್ ಏರಿಸುವುದು ಮಾತ್ರ ಅದೇ. ಶೇ 20ರಷ್ಟು ತೇವದ ಸೌದೆ ಕಿಲೋಗೆ ಸುಮಾರು 15 ಮೆಗಾಜೂಲ್ ಶಾಖ ಕೊಟ್ಟರೆ, ಅರ್ಧಕ್ಕರ್ಧ ನೀರಿರುವುದು ಹೆಚ್ಚುಕಡಿಮೆ 8 ಮಾತ್ರ. ಉಳಿದದ್ದು ಹೊಗೆ, ಕೆಮ್ಮು. ಮಳೆಗೆ ಮುಂಚೆ ವಿದ್ಯುತ್ ತಂತಿಯ ಮೇಲೆ ಬಾಗಿದ ಕೊಂಬೆ ಕಡಿಯುತ್ತಾರಲ್ಲ, ಅದನ್ನು ಏಪ್ರಿಲ್‌ನಲ್ಲೇ ಕಡಿದು, ಸೀಳಿ, ಶೀಟಿನಡಿ ಗಾಳಿಯಾಡುವಂತೆ ಪೇರಿಸಿ ವಾರ್ಡಿನ ಬಡವರಿಗೆ ಹಂಚಿದರೆ ಜುಲೈನ ಕಾಯಿಲ್ ಅರ್ಧ ನಿಲ್ಲುತ್ತದೆ. ಸೋಲಾರ್ ಹೀಟರ್ ಕೊಟ್ಟರೆ ಫೋಟೋ ಚೆನ್ನಾಗಿ ಬರುತ್ತದೆ, ಆದರೆ ನೀರು ಬಿಸಿಯಾಗಬೇಕಾದ ಮೂರು ತಿಂಗಳೇ ಬಿಸಿಲಿರುವುದಿಲ್ಲ.

ಉಜ್ವಲಾ ಸಿಲಿಂಡರ್‌ಗೆ 300 ರೂಪಾಯಿ ಸಬ್ಸಿಡಿ ಇದೆ; ಮೊದಲು ಪೂರ್ತಿ ಹಣ ಕೊಟ್ಟು ಆಮೇಲೆ ಖಾತೆಗೆ ಬರುವುದನ್ನು ಕಾಯಬೇಕು. ವಾರದ ಬಟವಾಡೆಯಲ್ಲಿ ಬದುಕುವವರು 14.2 ಕಿಲೋ ಬದಲು 5 ಕಿಲೋದ್ದನ್ನು ಕೇಳಿ ಪಡೆಯಬಹುದು.

ಅರ್ಜಿಗೆ ಹೋಗುವಾಗ ಇತ್ತೀಚಿನ ಬಿಲ್, ಆಧಾರ್, ಅದಕ್ಕೆ ಜೋಡಿಸಿದ ಸಿಮ್ ಇರುವ ಫೋನ್, ಬಾಡಿಗೆ ಕರಾರು ಜೊತೆಗಿರಲಿ. ಫೋನ್ ತೋಟದಲ್ಲಿರುವ ಗಂಡನ ಕೈಯಲ್ಲಿದ್ದರೆ ಓಟಿಪಿ ಅಲ್ಲಿಗೇ ಹೋಗುತ್ತದೆ, ಅರ್ಜಿ ಇಲ್ಲೇ ನಿಲ್ಲುತ್ತದೆ. ಅರ್ಹತಾ ಯೂನಿಟ್ ತಪ್ಪಾಗಿ ನಮೂದಾಗಿದ್ದರೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಉಪವಿಭಾಗದ ಕಚೇರಿಯಲ್ಲಿ ಮೊದಲು ಕೇಳುವುದು ಅದನ್ನೇ.