ಮೊಮ್ಮಗಳಿಗೆ ನಾಲ್ಕು ಹೊದಿಕೆ ಶುರು ಮಾಡಿದೆ, ಎರಡು ಮುಗಿದವು

ಮಗಳ ಕುಬಸ, ಅಂದರೆ ಸೀಮಂತ, ಮುಗಿದ ಮರುದಿನ ನಾನು ಕ್ರೋಶಾ ಕಡ್ಡಿ, ಅಂದರೆ ಕೊಕ್ಕೆ ತುದಿಯ ಹೆಣಿಗೆ ಕಡ್ಡಿ, ಹಿಡಿದೆ. ಬ್ಯಾಂಕಿನಿಂದ ರಿಟೈರ್ ಆಗಿ ಎರಡು ವರ್ಷ ಆಗಿತ್ತು. ಪುಣೆಯ ಕೋಥ್ರೂಡ್‌ನ ನಮ್ಮ ಮನೆಯಲ್ಲಿ ಹೆಣಿಗೆ ಅಂದರೆ ನನ್ನ ಹೆಂಡತಿಯದೇ ಇಲಾಖೆ. ಮದುವೆಯಾಗಿ ಧಾರವಾಡದಿಂದ ಬರುವಾಗಲೇ ಕಡ್ಡಿ, ದಾರ, ಅರ್ಧ ಹೆಣೆದ ಟೇಬಲ್ ಕ್ಲಾಥ್ ಟ್ರಂಕಿನಲ್ಲಿ ತಂದವಳು. ಈಗ ಬೆರಳ ಗಂಟುಗಳಲ್ಲಿ ನೋವು. ಹತ್ತು ನಿಮಿಷ ಹೆಣೆದರೆ ಕೈ ಮಡಚಲು ಬರುವುದಿಲ್ಲ.

‘ಕೂಸಿನ ತೊಟ್ಟಿಲಿಗೆ ಏನರ ಒಂದು ಕೈಲೆ ಮಾಡಿದ್ದು ಇರಬೇಕಿತ್ತು ನೋಡ್ರಿ’ ಅಂದಳು. ನಾನು ಮಾಡ್ತೀನಿ ಅಂದೆ. ಅವಳು ನಕ್ಕಿದ್ದು ಅಡುಗೆಮನೆಯಿಂದ ಕೇಳಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಚೆಂದಕ್ಕೆ ಮಾಡುವ ಹೊದಿಕೆ. ವರ್ಷ ತುಂಬದ ಕೂಸು ನಿದ್ದೆ ಮಾಡುವಾಗ ಸಡಿಲ ಹೊದಿಕೆ ಹತ್ತಿರ ಇಡಬೇಡಿ ಅಂತಾರೆ ಮಕ್ಕಳ ಡಾಕ್ಟರುಗಳು. ಮುಖದ ಮೇಲೆ ಬಂದರೆ ಪಾಪ ಅದಕ್ಕೆ ಸರಿಸಿಕೊಳ್ಳಲು ಬರುವುದಿಲ್ಲ. ತೊಟ್ಟಿಲಿನ ಅಂಚಿಗೆ ಇಳಿಬಿಡಲು, ಫೋಟೊ ತೆಗೆಯಲು, ತೊಡೆ ಮೇಲೆ ಮಲಗಿಸಿಕೊಂಡಾಗ ಹಾಕಲು ಸರಿ. ಗೊಂಡೆ, ಮಣಿ, ಗುಂಡಿ ಮಾತ್ರ ಬೇಡವೇ ಬೇಡ. ಎಲ್ಲ ಬಾಯಿಗೇ ಹೋಗುತ್ತವೆ.

ಕಡ್ಡಿಯ ವಿಷಯ ಬೇಗ ಮುಗಿಸುತ್ತೇನೆ. ಇವಳ ಹಳೇ ಸ್ಟೀಲ್ ಕಡ್ಡಿ ಲೇಸಿನದು, ತುದಿ ಸೂಜಿಯಷ್ಟು ಸಣ್ಣ. ಅದರಲ್ಲಿ ದಪ್ಪ ದಾರ ಎಳೆದರೆ ಎಳೆ ಎಳೆಯಾಗಿ ಸೀಳಿತು. 4 ಎಂ.ಎಂ. ಅಲ್ಯುಮಿನಿಯಂ ಕಡ್ಡಿ ತಂದೆ, ಕೆಲಸ ಆಯಿತು. ಆಮೇಲೆ ರಬ್ಬರ್ ಹಿಡಿ ಇರುವುದನ್ನೂ ಕೊಂಡೆ. ಹೆಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೆಬ್ಬೆರಳಿಗೆ ಮಾತ್ರ ಆರಾಮ. ನನ್ನ ವಯಸ್ಸಿನವರು ನೇರ ಅದನ್ನೇ ಕೊಳ್ಳಿ.

ದಾರಕ್ಕೆ ರವಿವಾರ ಪೇಠದ ಬೋಹರಿ ಆಳಿ ಅನ್ನುವ ಅಂಗಡಿ ಗಲ್ಲಿಗೆ ಹೋದೆ. ಕೋಥ್ರೂಡ್ ಕಡೆಯಿಂದ ಮೆಟ್ರೊ ಹತ್ತಿ, ಸಿವಿಲ್ ಕೋರ್ಟ್‌ನಲ್ಲಿ ಲೈನ್ ಬದಲಿಸಿ, ಮಂಡಈಯಲ್ಲಿ ಇಳಿದರೆ ನಡೆಯುವಷ್ಟೇ ದೂರ. ಅಂಗಡಿಯವನು ‘ಕಾಕಾ, ಏಕಾಚ ಲಾಟಚಾ ಘ್ಯಾ’ ಅಂದ. ಒಂದೇ ಲಾಟಿನದು ತಗೊಳ್ಳಿ ಅಂತ. ಬಣ್ಣ ಒಂದೇ ಅಲ್ವಾ, ಕಡಿಮೆ ಬಿದ್ದರೆ ಮತ್ತೆ ಬಂದು ಒಯ್ದರಾಯಿತು ಅಂದುಕೊಂಡು ನಾಲ್ಕೇ ಉಂಡೆ ತಂದೆ. ತಿಂಗಳ ಮೇಲೆ ಅದೇ ಕಂಪನಿಯ ಅದೇ ಹಳದಿ ತಂದರೆ ಒಂದು ಬೆಣ್ಣೆ, ಇನ್ನೊಂದು ಅರಿಸಿನ. ಲೇಬಲ್ ಮೇಲೆ ಬಣ್ಣದ ನಂಬರಿನ ಪಕ್ಕ ಲಾಟ್ ನಂಬರ್ ಬೇರೆ ಇರುತ್ತದೆ. ಒಂದೇ ಸಲ ಅದ್ದಿದ ದಾರಕ್ಕೆ ಒಂದು ನಂಬರ್. ಎರಡೂ ನೋಡಿಕೊಂಡು, ಒಂದು ಉಂಡೆ ಜಾಸ್ತಿಯೇ ತನ್ನಿ.

ಅಕ್ರಿಲಿಕ್, ಕಾಟನ್, ಉಣ್ಣೆ ಮೂರರಲ್ಲೂ ಅಂಗೈಯಗಲದ ತುಣುಕು ಹೆಣೆದು ಮಷೀನಿಗೆ ಹಾಕಿದೆ. ಉಣ್ಣೆಯದು ಹೊರಗೆ ಬಂದಾಗ ಅರ್ಧ ಆಗಿತ್ತು, ಕಂಬಳಿ ತುಂಡಿನಂತೆ ಗಟ್ಟಿ. ಕೈಯಲ್ಲಿ ತಣ್ಣೀರಿಗೆ ಅದ್ದಿ ಒಗೆಯುವ ತಾಳ್ಮೆ ಬಾಣಂತಿ ಮನೆಯಲ್ಲಿ ಯಾರಿಗಿದೆ? ಅದನ್ನು ಅಲ್ಲಿಗೇ ಬಿಟ್ಟೆ. ಅಕ್ರಿಲಿಕ್ ಹಾಕಿದ ಹಾಗೆಯೇ ಬಂತು, ಮಧ್ಯಾಹ್ನದೊಳಗೆ ಒಣಗಿತು. ಸುಮ್ನೆ ಇರಲಾರದೆ ಅದರ ಮೇಲೆ ಇಸ್ತ್ರಿ ಆಡಿಸಿದೆ. ಒಂದು ಎಳೆತಕ್ಕೇ ನೂಲಿನ ಉಬ್ಬೆಲ್ಲ ಹೋಗಿ ಪ್ಲಾಸ್ಟಿಕ್ ಹಾಳೆಯಂತೆ ಮಿರಮಿರ ಮಿಂಚಿತು. ಮತ್ತೆ ಮೊದಲಿನಂತೆ ಆಗಲೇ ಇಲ್ಲ. ಕಾಟನ್ ಬಿಸಿಗೆ ಹೆದರುವುದಿಲ್ಲ, ಕೂಸಿನ ಮೈಗೂ ತಂಪು. ಆದರೆ ಭಾರ. ಮಳೆಗಾಲದಲ್ಲಿ ಬಾಲ್ಕನಿಯಲ್ಲಿ ಎರಡು ದಿನ ನೇತಾಡಿದರೂ ನಡುವೆ ತೇವ ಹಾಗೇ. ಇನ್ನೊಂದು, ಕಾಟನ್ ದಾರ ಎಳೆದರೆ ಹಿಗ್ಗುವುದಿಲ್ಲ. ಅಕ್ರಿಲಿಕ್ ಸ್ವಲ್ಪ ಬಿಟ್ಟುಕೊಡುತ್ತದೆ, ಕೈ ಬಿಗಿಯಾದರೂ ಕಡ್ಡಿ ಒಳಗೆ ಹೋಗುತ್ತದೆ. ಕಾಟನ್‌ನಲ್ಲಿ ಪ್ರತಿ ಸಲ ತುದಿಯಿಂದ ಒತ್ತಬೇಕು. ಕಲಿಯುವ ಕೈಗೆ ಅಕ್ರಿಲಿಕ್ಕೇ ವಾಸಿ.

ಈಗ ವಿನ್ಯಾಸದ ವಿಷಯ. ನನ್ನ ತಿಂಗಳುಗಳು ಹೋದದ್ದು ಇಲ್ಲಿಯೇ.

ಮೊದಲು ಹಿಡಿದದ್ದು ನೇರ ಸಾಲು. ಇದಕ್ಕಿಂತ ಸುಲಭ ಬೇರೆ ಇಲ್ಲ ಅನಿಸಿತ್ತು. ಚೈನು, ಅಂದರೆ ದಾರದ ಕುಣಿಕೆಗಳ ಸರಪಳಿ, ಹಾಕು, ಅದರ ಮೇಲೆ ಸಾಲಿಗೆ 110 ಕಂಬ ನಿಲ್ಲಿಸು, ತಿರುಗಿಸು, ಮತ್ತೆ 110. ಹೆಸರುಗಳೇ ಮೊದಲು ಕೈಕೊಟ್ಟವು. ಇವಳ ಹಳೇ ಪುಸ್ತಕ ಬ್ರಿಟಿಷ್ ಪದ್ಧತಿಯದು. ಅದರಲ್ಲಿ ಟ್ರೆಬಲ್ ಅಂದದ್ದನ್ನೇ ಅಮೆರಿಕದ ವಿಡಿಯೋಗಳಲ್ಲಿ ಡಬಲ್ ಅಂತಾರೆ. ಪುಸ್ತಕದ ಡಬಲ್ ಅವರಿಗೆ ಸಿಂಗಲ್. ಎರಡನ್ನೂ ನೋಡಿಕೊಂಡು ಮೂರು ಸಾಲು ಗಿಡ್ಡ, ಮೂರು ಸಾಲು ಎತ್ತರ ಹೆಣೆದೆ. ಪಕ್ಕದ ಫ್ಲಾಟಿನ ಆಜಿ ಬಂದು ಬಿಡಿಸಿ ಹೇಳಿದರು. ಮರಾಠಿಯಲ್ಲಿ ಚೈನಿಗೆ ಸಾಖಳಿ, ಟ್ರೆಬಲ್ಲಿಗೆ ಖಾಂಬ. ಖಾಂಬ ಅಂದರೆ ನಮ್ಮ ಕಂಬವೇ. ಕಡ್ಡಿಗೆ ಒಂದು ಸುತ್ತು ದಾರ, ತೂತಿಗೆ ಹಾಕಿ ಎಳೆದು, ಎರಡೆರಡಾಗಿ ಬಿಟ್ಟರೆ ಒಂದು ಕಂಬ. ಅಂದಿನಿಂದ ಇಂಗ್ಲಿಷ್ ಹೆಸರು ಬಿಟ್ಟೆ.

ಕಂಬ ಸರಿಯಾಯಿತು, ಅಂಚು ಸರಿಯಾಗಲಿಲ್ಲ. ಸಾಲು ಮುಗಿಸಿ ತಿರುಗಿಸಿದಾಗ ಮೂರು ಚೈನು ಮೇಲಕ್ಕೆ ಹಾಕುತ್ತೇವಲ್ಲ, ಅದೇ ಆ ಸಾಲಿನ ಮೊದಲ ಕಂಬ. ಮುಂದಿನ ಸಾಲಿನ ಕೊನೆಯ ಕಂಬ ಆ ಮೂರು ಚೈನಿನ ನೆತ್ತಿಯ ಮೇಲೆ ನಿಲ್ಲಬೇಕು. ಆದರೆ ಅದು ಅಂಚಿನಲ್ಲಿ ಮಗ್ಗುಲಾಗಿ ಮಲಗಿರುತ್ತದೆ, ಕಂಬದಂತೆ ಕಾಣುವುದೇ ಇಲ್ಲ. ನಾನು ಎಷ್ಟೋ ಸಲ ಅದನ್ನು ಬಿಟ್ಟು ತಿರುಗಿಸುತ್ತಿದ್ದೆ. ಸುಮಾರು ಎರಡು ಸಾಲಿಗೊಮ್ಮೆ ಒಂದು ಕಂಬ ಮಾಯ. ಒಂದಡಿ ಹೆಣೆದ ಮೇಲೆ ಎಣಿಸಿದರೆ 97. ಇವಳು ಎತ್ತಿ ಹಿಡಿದು ನೋಡಿದಳು.

‘ಹೊದಿಕಿ ಅಂದ್ರಿ. ಇದು ಪರಕಾರ ಆಗೇದಲ್ರಿ!’

ನಿಜಕ್ಕೂ ಕೆಳಗೆ ಅಗಲ, ಮೇಲೆ ಕಿರಿದು, ಸೊಂಟಕ್ಕೆ ಲಾಡಿ ಒಂದು ಬಾಕಿ. ಪೂರ್ತಿ ಬಿಚ್ಚಿದೆ. ಇದನ್ನೇ ಮಾಡುವ ಹಟ ನಿಮಗಿದ್ದರೆ, ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಕಂಬಕ್ಕೆ ಸೇಫ್ಟಿ ಪಿನ್ ಚುಚ್ಚಿಕೊಳ್ಳಿ. ಬುಡದ ಚೈನನ್ನು ಮಾತ್ರ 5 ಎಂ.ಎಂ. ಕಡ್ಡಿಯಲ್ಲಿ ಹಾಕಿ, ಇಲ್ಲದಿದ್ದರೆ ಬುಡ ಸುಕ್ಕಾಗುತ್ತದೆ.

ಎರಡನೆಯದು ಗ್ರಾನಿ ಚೌಕಗಳು, ಅಂದರೆ ನಡುವಿನಿಂದ ಸುತ್ತು ಸುತ್ತಾಗಿ ಹೊರಕ್ಕೆ ಬೆಳೆಸುವ ಚೌಕಗಳು. ಆರು ಇಂಚಿನ ಚೌಕ, ಸಾಲಿಗೆ ಆರರಂತೆ 36 ಮಾಡಿ ಜೋಡಿಸಿದರೆ ಒಂದು ಗಜದ ಹೊದಿಕೆ. ಒಂದೊಂದು ಚೌಕ ಒಂದು ಸೀರಿಯಲ್ ನೋಡುವಷ್ಟರಲ್ಲಿ ಮುಗಿಯುತ್ತದೆ, ಪಾರ್ಕಿಗೂ ಒಯ್ಯಬಹುದು. ಹನ್ನೊಂದು ಮಾಡಿದೆ, ಬಲು ಹುರುಪು. ಆಮೇಲೆ ಒಂದರ ಮೇಲೆ ಒಂದು ಇಟ್ಟು ನೋಡಿದೆ. ಮೊದಲನೆಯದು ಐದೂಮುಕ್ಕಾಲು ಇಂಚು, ಹನ್ನೊಂದನೆಯದು ಆರೂವರೆ. ಕೈ ಪಳಗಿದಂತೆ ಬಿಗಿ ಸಡಿಲ ಆಗುತ್ತಾ ಹೋಗಿದೆ, ನನಗೆ ಗೊತ್ತೇ ಆಗಿಲ್ಲ. ಹೊಸಬರ ಕೈ ತಿಂಗಳಿಗೊಂದು ತರ. ಒಂದೇ ಅಳತೆಯ ತುಂಡು ಬೇಕಾದ ವಿನ್ಯಾಸ ಅವರಿಗೆ ಆಗಿಬರುವುದಿಲ್ಲ. ಮೇಲಿಂದ ಚೌಕಕ್ಕೆ ಎರಡು ದಾರದ ಬಾಲ, 36ಕ್ಕೆ 72. ಪ್ರತಿಯೊಂದನ್ನೂ ಸೂಜಿಯಲ್ಲಿ ಹಿಂದೆ ಮುಂದೆ ಪೋಣಿಸಿ ಮುಚ್ಚಬೇಕು. ಬಣ್ಣ ಬದಲಿಸಿದರೆ ಬಾಲ ಇನ್ನೂ ಜಾಸ್ತಿ. ಚೆನ್ನೈನಲ್ಲಿ ‘ಮದರ್ ಇಂಡಿಯಾಸ್ ಕ್ರೋಶಾ ಕ್ವೀನ್ಸ್’ ಅನ್ನುವ ಹೆಣ್ಣುಮಕ್ಕಳ ಗುಂಪು 2016ರ ಜನವರಿಯಲ್ಲಿ 11,148.5 ಚದರ ಮೀಟರಿನ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ ಎಷ್ಟು ಬಾಲ ಮುಚ್ಚಿರಬಹುದು ಅಂತ ಯೋಚಿಸುತ್ತಾ ನಾನು ಹನ್ನೊಂದಕ್ಕೇ ಕೈಮುಗಿದೆ.

ಮೂರನೆಯದು ಮೂಲೆಯಿಂದ ಮೂಲೆಗೆ ಹೋಗುವ ವಿನ್ಯಾಸ. ಕಾಟನ್‌ನಲ್ಲಿ ಮಾಡಿದೆ. ಒಂದು ಮೂಲೆಯಲ್ಲಿ ಒಂದು ಪುಟ್ಟ ಡಬ್ಬಿ ಹೆಣೆಯುವುದು, ಮುಂದಿನ ಸಾಲಿಗೆ ಎರಡು, ಆಮೇಲೆ ಮೂರು, ಹೀಗೆ ಓರೆಯಾಗಿ ಬೆಳೆಯುತ್ತದೆ. ಡಬ್ಬಿ ಅಂದರೆ ಮೂರು ಚೈನು, ಪಕ್ಕದಲ್ಲಿ ಮೂರು ಕಂಬ. ಬೇಕಾದಷ್ಟು ಅಗಲ ಬಂದ ಮೇಲೆ ಸಾಲಿಗೊಂದು ಡಬ್ಬಿ ಕಡಿಮೆ ಮಾಡುತ್ತಾ ಇಳಿಯುವುದು. ಶುರುವಿನ ನಾಲ್ಕು ಸಾಲು ತಲೆಗೆ ಹತ್ತಲು ನನಗೆ ಮೂರು ಸಂಜೆ ಬೇಕಾದವು. ಯಾವ ತೂತಿಗೆ ಹೋಗಬೇಕು, ಯಾವುದು ಮೇಲು, ಯಾವುದು ಅಡ್ಡ, ಒಂದೂ ತಿಳಿಯುವುದಿಲ್ಲ. ತಿಳಿದ ಮೇಲೆ ರೈಲು ಹಳಿ ಹತ್ತಿದಂತೆ. ಬುಡದಲ್ಲಿ ಉದ್ದನೆಯ ಚೈನು ಇಲ್ಲ, ಕಂಬದ ಎಣಿಕೆ ಇಲ್ಲ, ಡಬ್ಬಿ ಎಣಿಸಿದರೆ ಸಾಕು.

ಇದರ ದೊಡ್ಡ ಗುಣ ಬೇರೆಯೇ. ನಡುಗೆರೆ ಮುಟ್ಟಿದಾಗ ದಾರವೂ ಅರ್ಧ ಮುಗಿದಿರುತ್ತದೆ. ನಾನು 50 ಗ್ರಾಮಿನ ಹನ್ನೆರಡು ಉಂಡೆ ತಂದಿದ್ದೆ. ಆರನೆಯದು ಮುಗಿಯುವ ಮೊದಲೇ, ಅಂಚಿಗೆ ಸ್ವಲ್ಪ ಉಳಿಯಲಿ ಅಂತ, ಸಾಲಿಗೆ 48 ಡಬ್ಬಿ ಆದಾಗ ಇಳಿಸಲು ಶುರು ಮಾಡಿದೆ. ದಾರ ಸಾಲುತ್ತದೋ ಇಲ್ಲವೋ ಅನ್ನುವ ಎದೆಬಡಿತವೇ ಇಲ್ಲ. 30 ಇಂಚಿನ ಹೊದಿಕೆ, ಬಟ್ಟೆ ಗಟ್ಟಿ, ತೂತು ಸಣ್ಣ, ಕೂಸಿನ ಬೆರಳು ಸಿಕ್ಕಿಕೊಳ್ಳುವುದಿಲ್ಲ. ಆದರೆ ಮುಂಗೈ ಎಷ್ಟು ನೊಂದಿತೆಂದರೆ ವಾರಗಟ್ಟಲೆ ಬಾಮ್ ಹಚ್ಚಿಕೊಂಡೆ. ಮನೆಯಲ್ಲಿ ಈಗ ಇಬ್ಬರಿಗೂ ಒಂದೇ ಡಬ್ಬಿ ಬಾಮ್.

ಕೊನೆಯದು ಒಂದೇ ದೊಡ್ಡ ಗ್ರಾನಿ ಚೌಕ. ಬಿಚ್ಚಿದ ಅಕ್ರಿಲಿಕ್ಕೇ ಇತ್ತು, ಅದಕ್ಕೆ ಒಂದಿಷ್ಟು ಬಿಳಿ ಸೇರಿಸಿದೆ. ಆಜಿಯ ಪಾಠ ಮೂರೇ ಮಾತು: ‘ತೀನ್ ಖಾಂಬ, ಏಕ್ ಸಾಖಳಿ, ಪುಢೇ ಚಲಾ.’ ಮೂರು ಕಂಬದ ಗೊಂಚಲು, ಒಂದು ಚೈನು, ಮುಂದಿನ ಕಿಂಡಿಗೆ ಹೋಗು. ಮೂಲೆ ಬಂದಾಗ ಒಂದೇ ಕಿಂಡಿಯಲ್ಲಿ ಎರಡು ಗೊಂಚಲು, ನಡುವೆ ಎರಡು ಚೈನು. ಇಷ್ಟೇ. ಕಡ್ಡಿ ಕಂಬದ ತಲೆಗೆ ಚುಚ್ಚುವುದಿಲ್ಲ, ಬೆರಳು ಹೋಗುವಂಥ ಕಿಂಡಿಗೆ ಹೋಗುತ್ತದೆ. ಕನ್ನಡಕ ಇಲ್ಲದೆಯೂ ಕಾಣುತ್ತದೆ. ಮೊದಲ ಸುತ್ತಿಗೆ ನಾಲ್ಕು ಗೊಂಚಲು, ಎರಡನೆಯದಕ್ಕೆ ಎಂಟು, ಸುತ್ತಿಗೆ ನಾಲ್ಕರಂತೆ ಏರಿಕೆ. ಒಂದು ಕಡೆ ಒಂದು ಗೊಂಚಲು ತಪ್ಪಿದರೆ ಕಿಂಡಿ ಖಾಲಿ ಉಳಿದು ಅಲ್ಲೇ ಹಲ್ಲು ಬಿದ್ದಂತೆ ಕಾಣುತ್ತದೆ. ನೇರ ಸಾಲಿನಲ್ಲಿ ತಪ್ಪು ಹನ್ನೆರಡು ಇಂಚು ಬಚ್ಚಿಟ್ಟುಕೊಂಡಿತ್ತು. ಇಲ್ಲಿ ಹನ್ನೆರಡು ನಿಮಿಷವೂ ಅದಕ್ಕೆ ಅಡಗಲು ಜಾಗವಿಲ್ಲ. ಕೈ ಸಡಿಲಾದರೂ ಪರವಾಗಿಲ್ಲ, ಸಡಿಲಿಕೆ ಸುತ್ತಲೂ ಒಂದೇ ಸಮ ಹಂಚಿಹೋಗುತ್ತದೆ. ಎಲ್ಲಿ ನಿಲ್ಲಿಸಿದರೂ ಚೌಕವೇ. ಮಗಳಿಗೆ ನೋವು ಬೇಗ ಬಂದರೆ ಅಂದಿನ ಸುತ್ತಿಗೇ ಮುಗಿಸಬಹುದು ಅನ್ನುವ ಧೈರ್ಯ ನನಗೆ ದೊಡ್ಡದಾಗಿತ್ತು.

ಕೊರತೆ ಇಲ್ಲದಿಲ್ಲ. ಒಂದೇ ದಿಕ್ಕಿಗೆ ಸುತ್ತುತ್ತಾ ಹೋದರೆ ಚೌಕ ನಿಧಾನ ತಿರುಚಿಕೊಳ್ಳುತ್ತದೆ, ಮೂಲೆಗಳು ಗಾಳಿ ಗಿರಗಿಟ್ಟಲೆಯಂತೆ ಓರೆಯಾಗುತ್ತವೆ. ಸುತ್ತು ಮುಗಿದ ಮೇಲೆ ಹೆಣಿಗೆಯನ್ನು ಮಗುಚಿ ಎದುರು ದಿಕ್ಕಿಗೆ ಹೊರಟರೆ ಸರಿಹೋಗುತ್ತದೆ. ಸುತ್ತು ದೊಡ್ಡದಾದಷ್ಟೂ ಬೇಜಾರು. 35ನೇ ಸುತ್ತಿಗೆ 140 ಗೊಂಚಲು, ಅಂದರೆ 420 ಕಂಬ, ನನಗೆ ಮುಕ್ಕಾಲು ಗಂಟೆ. ಕಿಂಡಿಗಳಲ್ಲಿ ಪುಟ್ಟ ಬೆರಳು ಹೋಗುತ್ತದೆ, ಪಕ್ಕದಲ್ಲಿ ಯಾರಾದರೂ ಕೂತಿರಲೇಬೇಕು. ಅಷ್ಟಾಗಿ 36 ಇಂಚಿಗೆ 420 ಗ್ರಾಂ ದಾರ ಸಾಕಾಯಿತು. 30 ಇಂಚಿನ ಕಾಟನ್ ಹೊದಿಕೆ 600 ಗ್ರಾಂ ತಿಂದಿತ್ತು.

ಮೊದಲ ಸಲ ಹೆಣೆಯುವವರು ಕೇಳಿದರೆ ನಾನು ಹೇಳುವುದು ಅಕ್ರಿಲಿಕ್‌ನ ಒಂದೇ ದೊಡ್ಡ ಚೌಕ, 4 ಎಂ.ಎಂ. ಕಡ್ಡಿ. ಎರಡನೇ ಸಲಕ್ಕೆ ಕಾಟನ್, ಮೂಲೆಯಿಂದ ಮೂಲೆಗೆ. ಇವಳ ಲೆಕ್ಕ ಬೇರೆ. ತೊಟ್ಟಿಲಿಗೆ ಹಾಕುವ ದಿನ ಎರಡನ್ನೂ ಹಾಸಿಗೆ ಮೇಲೆ ಬಿಡಿಸಿ, ಕಾಟನ್ನಿನದರ ಅಂಚನ್ನು ಬೆರಳಲ್ಲಿ ಸವರಿ, ‘ಇದು ಖರೇ ಹೊದಿಕಿ, ಅದು ಜಾಳಿಗಿ’ ಅಂದಳು. ತೊಟ್ಟಿಲಿಗೆ ಕಾಟನ್ನೇ ಏರಿತು. ಆದರೆ ವಾರದಲ್ಲಿ ನಾಲ್ಕು ಸಲ ಒದ್ದೆಯಾಗಿ, ಮಷೀನಿಗೆ ಬಿದ್ದು, ಸಂಜೆಗೆ ಮತ್ತೆ ಮಗಳ ತೊಡೆ ಮೇಲೆ ಬಂದು ಕೂರುವುದು ನನ್ನ ಜಾಳಿಗೆಯೇ.

ಹನ್ನೊಂದು ಚೌಕ ಇನ್ನೂ ಡಬ್ಬಿಯಲ್ಲಿವೆ. ನಿನ್ನೆ ಇವಳು ಒಂದನ್ನು ಬಿಸಿ ಚಹಾದ ಪಾತ್ರೆ ಕೆಳಗೆ ಇಡಲು ಹೋದಳು. ‘ಏ, ಅಕ್ರಿಲಿಕ್ ಅದು, ಬಿಸಿ ತಡೆಯಂಗಿಲ್ಲ’ ಅಂತ ಕಿತ್ತುಕೊಂಡೆ. ‘ಭಾಳ ತಿಳಿತ ನಿಮಗ ಈಗ’ ಅಂದು ಪಾತ್ರೆಯನ್ನು ಪೇಪರಿನ ಮೇಲೆ ಇಟ್ಟಳು.