ಕೊಡಗಿನಲ್ಲಿ ‘ರನ್ನಿಂಗ್ ಹೋಂಸ್ಟೇ’ ಕೊಳ್ಳುವ ಮುಂಚೆ ಇದನ್ನು ಓದಿ

ಅಡ್ವಾನ್ಸ್ ಕೊಡಲು ಹೊರಟವರು ದಯವಿಟ್ಟು ಒಂದು ದಿನ ತಡೆಯಿರಿ. ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಮ್ಮ ಅಪ್ಪನಿಗೇ ಇನ್ನೂ ಪೂರ್ತಿ ಹೇಳಿಲ್ಲ.

ಕಳೆದ ವರ್ಷ ಮಡಿಕೇರಿ ಹತ್ತಿರ ನಾಲ್ಕು ಕೋಣೆಯ ಮನೆ ಕೊಂಡೆ. ‘ರನ್ನಿಂಗ್ ಹೋಂಸ್ಟೇ ಸಾರ್, ಲೈಸೆನ್ಸ್ ಇದೆ. ನೀವು ಬೆಂಗಳೂರಲ್ಲೇ ಇರಿ, ಕೇರ್‌ಟೇಕರ್ ಎಲ್ಲ ನೋಡ್ಕೊಳ್ತಾನೆ’ ಎಂದ ಏಜೆಂಟ್. 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಲ್ವಾ, ಅದನ್ನೂ ನಾಲ್ಕು ಸಲ ಹೇಳಿದ. ಕೊಳ್ಳಲು ಅಡ್ಡಿಯಿಲ್ಲ ಎಂದರೆ ನಡೆಸಲೂ ಅಡ್ಡಿಯಿಲ್ಲ ಎಂದುಕೊಂಡೆ.

ನೋಡಲು ಹೋದ ದಿನ ಮಾಲೀಕರ ತಾಯಿ ಕಾಫಿ ಕೊಟ್ಟರು, ಕಡಂಬುಟ್ಟು ಬಡಿಸಿದರು. ಹಜಾರದ ಗೋಡೆಯಲ್ಲಿ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರ, ಫ್ರೇಮ್ ಹಾಕಿಸಿಟ್ಟಿದ್ದರು. ಏಜೆಂಟ್ ಅದರ ಪಕ್ಕ ನಿಂತು ‘ಎಲ್ಲ ಕ್ಲಿಯರ್ ಸಾರ್’ ಎಂದ. ಫೋಟೋ ತೆಗೆದುಕೊಂಡೆ. ಓದಲಿಲ್ಲ. ಅದನ್ನು ಓದಲಿಲ್ಲ!

ರಿಜಿಸ್ಟ್ರೇಷನ್ ಆಯಿತು. ಆ ತಾಯಿ ಮಗನ ಜೊತೆ ಮೈಸೂರಿಗೆ ಹೋದರು. ಮೂರು ತಿಂಗಳು ಬುಕಿಂಗ್ ಚೆನ್ನಾಗಿತ್ತು. ಆಮೇಲೆ ನೋಂದಣಿ ಇಲ್ಲದ ಹೋಂಸ್ಟೇಗಳ ತಪಾಸಣೆ ಬಿಗಿಯಾಯಿತು. ಒಂದು ಮಧ್ಯಾಹ್ನ ಕೇರ್‌ಟೇಕರ್ ಫೋನ್ ಮಾಡಿ, ‘ಚೆಕಿಂಗ್‌ಗೆ ಬಂದಿದ್ದಾರೆ ಸಾರ್, ಓನರ್ ಎಲ್ಲಿ ಅಂತ ಕೇಳ್ತಿದ್ದಾರೆ’ ಎಂದ. ನಾನು ಧೈರ್ಯವಾಗಿ ಆ ಫೋಟೋ ಕಳಿಸಿದೆ. ಐದು ನಿಮಿಷಕ್ಕೆ ಮತ್ತೆ ಫೋನ್. ‘ಇದರಲ್ಲಿ ನಿಮ್ಮ ಹೆಸರಿಲ್ವಂತೆ ಸಾರ್. ಡೇಟೂ ಮುಗಿದಿದೆಯಂತೆ.’

ಆಫೀಸಿನ ಮೆಟ್ಟಿಲ ಮೇಲೆ ಕೂತು ಫೋಟೋ ದೊಡ್ಡದು ಮಾಡಿ ಓದಿದೆ. ಹಳೇ ಮಾಲೀಕರ ಹೆಸರು. ನಾವು ಮನೆ ನೋಡಲು ಹೋಗುವ ಮೊದಲೇ ಅವಧಿ ಮುಗಿದಿತ್ತು. ಕೈ ನಡುಗಿತು.

ಹೊಸ ಅರ್ಜಿ ಹಾಕಲು ಹೋದರೆ ಮೊದಲ ಪ್ರಶ್ನೆಯೇ ‘ನೀವು ಆ ಮನೆಯಲ್ಲಿ ಇರ್ತೀರಾ?’ ಹೋಂಸ್ಟೇ ಎಂದರೆ ಮಾಲೀಕರ ಕುಟುಂಬ ವಾಸವಿರುವ ಮನೆಯಲ್ಲಿ ಅತಿಥಿಗಳಿಗೆ ಕೋಣೆ ಕೊಡುವುದು. ಯಾರೂ ವಾಸವಿಲ್ಲದೆ ನಡೆಸಿದರೆ ಅದು ಲಾಡ್ಜ್ ಲೆಕ್ಕ, ಅದಕ್ಕೆ ಬೇಕಾದ ಅನುಮತಿಗಳೇ ಬೇರೆ. ಅಂದರೆ ಕಾಫಿ ಕೊಟ್ಟ ಆ ತಾಯಿ ಅಲ್ಲಿ ಇದ್ದದ್ದರಿಂದ ಆ ಪತ್ರ ಸಿಕ್ಕಿತ್ತು. ಅವರು ಸಾಮಾನು ಕಟ್ಟಿಕೊಂಡು ಹೋದ ದಿನವೇ ನನ್ನ ಹೋಂಸ್ಟೇ ಮುಗಿದಿತ್ತು. ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಏಜೆಂಟ್‌ಗೆ ಫೋನ್ ಮಾಡಿದೆ. ಮೊದಲು ‘ಸಾವಿರಾರು ಜನ ಹೀಗೇ ನಡೆಸ್ತಿದ್ದಾರೆ ಸಾರ್, ಯಾರು ಕೇಳ್ತಾರೆ?’ ಎಂದ. ಕೇಳಿದಾಗ ಏನಾಗುತ್ತದೆ ಎಂದು ಹಂಪಿ ಪಕ್ಕದ ವಿರೂಪಾಪುರ ಗಡ್ಡೆಯವರನ್ನು ಕೇಳಬೇಕು. ಅಲ್ಲಿ ಕಾರಣ ಬೇರೆ, ಅದು ಸಂರಕ್ಷಿತ ಪ್ರದೇಶ. ಆದರೆ ಎಷ್ಟೋ ವರ್ಷ ನಡೆದ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ಕೆಡವಿಯೇ ಬಿಟ್ಟರು.

ಎರಡನೇ ಸಲ ‘ರೂಲ್ಸ್ ಬಿಗಿ ಮಾಡಿದ್ರೆ ನಾನೇನು ಮಾಡ್ಲಿ?’ ಎಂದ. ಮೂರನೇ ಸಲದ ಮಾತು ಇವತ್ತಿಗೂ ನಿದ್ದೆ ಕೆಡಿಸುತ್ತದೆ. ‘ಕ್ರಯಪತ್ರ ತೆಗೆದು ನೋಡಿ ಸಾರ್. ನಿಮಗೆ ಮಾರಿರೋದು ಮನೆ. ಹೋಂಸ್ಟೇ ಅಂತ ಎಲ್ಲಿ ಬರೆದಿದೆ?’ ತೆಗೆದು ನೋಡಿದೆ. ಎಲ್ಲೂ ಬರೆದಿಲ್ಲ.

ಈಗ ಮನೆಗೆ ಬೀಗ. ತಿಂಗಳಿಗೆ 48 ಸಾವಿರ ಕಂತು ಕಟ್ಟುತ್ತಿದ್ದೇನೆ. ಮಳೆಗಾಲದಲ್ಲಿ ಗೋಡೆಗೆ ಪಾಚಿ ಹಿಡಿದಿದೆ.

ನೀವು ಅಲ್ಲಿ ಹೋಗಿ ವಾಸ ಮಾಡುವವರಲ್ಲ ಎಂದರೆ ಸುಮ್ನೆ ಕೊಳ್ಳಬೇಡಿ. ಕೊಳ್ಳಲೇಬೇಕೆಂದರೆ ಅಡ್ವಾನ್ಸ್‌ಗೆ ಮುಂಚೆ ಇಲಾಖೆಗೂ ಪಂಚಾಯಿತಿಗೂ ನೀವೇ ಹೋಗಿ ಕೇಳಿ, ಏಜೆಂಟ್‌ನನ್ನು ಕರೆದುಕೊಂಡು ಹೋಗಬೇಡಿ. ಅದೇ ಮನುಷ್ಯ ಈ ವಾರ ಸಕಲೇಶಪುರದ ಕಡೆಯ ಮನೆಯೊಂದರ ವಿಡಿಯೋ ಕಳಿಸುತ್ತಿದ್ದಾನೆ. ಅದರಲ್ಲೂ ಗೋಡೆಯ ಮೇಲೆ ಒಂದು ಫ್ರೇಮ್ ಕಾಣುತ್ತದೆ. ನೋಡಲು ಹೋಗುವವರು ಹತ್ತಿರ ಹೋಗಿ ಹೆಸರು ಓದಿ, ದಿನಾಂಕ ಓದಿ.